ಸಂಶೋಧನಾ ಅನುದಾನಕ್ಕೆ ಅರ್ಜಿ: ಸಣ್ಣ ಕೈಗಾರಿಕೋದ್ಯಮಿಗಳು ಅರಿತಿರಬೇಕಾದ ನಿಯಮಗಳು ಮತ್ತು ನಿರೀಕ್ಷೆಗಳು

ಸರ್ಕಾರದ ಸಹಾಯಧನವೆಂಬ ಮಾತು ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಭಾಗದ ಉದ್ಯಮಿಗಳಿಗೆ ಹೊಸದಲ್ಲ. ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದ ಮೆಟ್ಟಿಲು ಹತ್ತಿ, ಯೋಜನಾ ವರದಿ ಸಲ್ಲಿಸಿ, ಬ್ಯಾಂಕ್ ಸಾಲದ ಜೊತೆಗೆ ಸಹಾಯಧನ ಪಡೆದ ಅನುಭವ ನಮ್ಮಲ್ಲಿ ಅನೇಕರಿಗಿದೆ. 2008ರಲ್ಲಿ ಬಂದ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮವಾಗಲಿ, 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಾಗಲಿ, ಎರಡರ ಸ್ವರೂಪವೂ ಒಂದೇ. ಯಂತ್ರ ಯಾವುದು, ಬೆಲೆ ಎಷ್ಟು, ಮಾರಾಟ ಎಲ್ಲಿ, ಸಾಲ ತೀರಿಸುವ ಶಕ್ತಿ ಇದೆಯೇ ಎಂಬುದನ್ನು ನೋಡಿ ಹಣ ಕೊಡುತ್ತಾರೆ. ಎರಡನೆಯ ಯೋಜನೆಯಲ್ಲಿ ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಕೇಂದ್ರದ ಯೋಜನೆಯಡಿ ನಿಗದಿಯಾಯಿತು.

ಇದೇ ಅನುಭವವನ್ನು ನಂಬಿಕೊಂಡು ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದವರು ಬಹುಮಟ್ಟಿಗೆ ಬರಿಗೈಯಲ್ಲಿ ಮರಳುತ್ತಾರೆ. ಅವರ ಉದ್ಯಮ ಕೆಟ್ಟದ್ದೆಂದಲ್ಲ, ಅರ್ಜಿಯ ಸ್ವಭಾವವೇ ತಪ್ಪಾಗಿರುತ್ತದೆ. ಸಹಾಯಧನ ಕೊಡುವವರು ಗೊತ್ತಿರುವ ಕೆಲಸಕ್ಕೆ ಹಣ ಕೊಡುತ್ತಾರೆ. ಸಂಶೋಧನಾ ಅನುದಾನ ಕೊಡುವವರು ಇನ್ನೂ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹಣ ಕೊಡುತ್ತಾರೆ. ಮೊದಲನೆಯವರ ಮುಂದೆ ‘ಇದು ಖಂಡಿತ ನಡೆಯುತ್ತದೆ’ ಎಂದು ತೋರಿಸಬೇಕು. ಎರಡನೆಯವರ ಮುಂದೆ ‘ಇದು ನಡೆಯುತ್ತದೆಯೋ ಇಲ್ಲವೋ ತಿಳಿದಿಲ್ಲ, ತಿಳಿಯುವ ದಾರಿ ಇದು, ಇಷ್ಟು ತಿಂಗಳು ಬೇಕು, ಇಷ್ಟು ಹಣ ಬೇಕು’ ಎಂದು ಒಪ್ಪಿಕೊಳ್ಳಬೇಕು. ವ್ಯಾಪಾರದಲ್ಲಿ ಬೆಳೆದವರಿಗೆ ‘ತಿಳಿದಿಲ್ಲ’ ಎಂದು ಬರೆಯುವುದು ಸುಲಭವಲ್ಲ. ಆದರೆ ಅರ್ಜಿಯ ತಿರುಳು ಆ ಮಾತಿನಲ್ಲಿಯೇ ಇದೆ.

ಬಿದಿರಿನ ಪಾಠ

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾದಾಗ ಅದರ ಮುಖ್ಯ ಕಚ್ಚಾವಸ್ತು ನಮ್ಮ ಕಾಡಿನ ಬಿದಿರು. ಎಪ್ಪತ್ತರ ದಶಕದ ಹೊತ್ತಿಗೆ ಬಿದಿರು ಕಡಿಮೆಯಾಗುತ್ತಿದೆ ಎಂಬ ಕೂಗು ಎದ್ದಿತು. ಬುಟ್ಟಿ ಹೆಣೆಯುವ ಮೇದಾರರು ಕಾರ್ಖಾನೆಯ ಕಡೆ ಕೈ ತೋರಿದರು. ಜಾನುವಾರು ಮೇಯಿಸುವ ಹಳ್ಳಿಗರೇ ಕಾರಣವೆಂದು ಹೇಳುವವರೂ ಇದ್ದರು. ಆಗ ಭಾರತೀಯ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅವರು ರಾಜ್ಯದ ಬಿದಿರು ಸಂಪತ್ತಿನ ಅಧ್ಯಯನ ಕೈಗೊಂಡರು. ಅದರ ವರದಿಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1981ರಲ್ಲಿ ಪ್ರಕಟಿಸಿತು. ಈ ಮಂಡಳಿ ಸ್ಥಾಪನೆಯಾದದ್ದು 1975ರಲ್ಲಿ.

ಆ ಅಧ್ಯಯನದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ದಟ್ಟವಾಗಿ ಬೆಳೆದಿರುತ್ತದೆ. ಅದನ್ನು ಕಡಿದು ಬುಡ ಬಿಡಿಸಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ, ಕಡಿಯುವುದೂ ಸುಲಭವಾಗುತ್ತದೆ ಎಂಬುದು ಅಂದಿನ ನಿರ್ವಹಣೆಯ ನಂಬಿಕೆ. ಸುತ್ತಲಿನ ಹಳ್ಳಿಗರು ಮಾತ್ರ ಬೇರೆ ಮಾತು ಹೇಳುತ್ತಿದ್ದರು. ಮುಳ್ಳು ತೆಗೆದರೆ ಹೊಸ ಕಳಲೆಗೆ ಕಾವಲೇ ಇಲ್ಲದಂತಾಗುತ್ತದೆ. ದನವೂ ಕಾಡುಪ್ರಾಣಿಯೂ ಬಂದು ತಿಂದು ಹೋಗುತ್ತವೆ ಎಂಬುದು ಅವರ ವಾದವಾಗಿತ್ತು. ಸಂಶೋಧಕರು ಅದನ್ನು ಕ್ಷೇತ್ರದಲ್ಲಿ ಪರಿಶೀಲಿಸಿದಾಗ ಹಳ್ಳಿಗರ ಮಾತೇ ನಿಜವೆಂದು ಕಂಡುಬಂತು.

ಇದನ್ನು ಅನುದಾನದ ಅರ್ಜಿಯ ಭಾಷೆಗೆ ಇಳಿಸಿ ನೋಡೋಣ. ಸಮಸ್ಯೆ: ಮೆಳೆಗಳಲ್ಲಿ ಹೊಸ ಗಳುಗಳ ಸಂಖ್ಯೆ ಕುಗ್ಗುತ್ತಿದೆ. ಪ್ರಶ್ನೆ: ಮುಳ್ಳಿನ ಹೊದಿಕೆ ತೆಗೆದ ಮೆಳೆಯಲ್ಲಿ ಬದುಕುಳಿಯುವ ಕಳಲೆಗಳು ಹೊದಿಕೆ ಉಳಿಸಿದ ಮೆಳೆಗಿಂತ ಹೆಚ್ಚೋ ಕಡಿಮೆಯೋ? ವಿಧಾನ: ಒಂದೇ ಕಾಡಿನ ಒಂದೇ ತರಹದ ಮೆಳೆಗಳಲ್ಲಿ ಅರ್ಧಕ್ಕೆ ಬಿಡಿಸಿ, ಅರ್ಧ ಹಾಗೆಯೇ ಉಳಿಸಿ, ಮಳೆಗಾಲದಿಂದ ಮಳೆಗಾಲಕ್ಕೆ ಕಳಲೆಗಳನ್ನು ಎಣಿಸುವುದು. ಉತ್ತರ ಯಾವ ಕಡೆ ಬಂದರೂ ಅದರಿಂದ ಪ್ರಯೋಜನವಿದೆ. ಇಷ್ಟು ಬರೆದರೆ ಅರ್ಜಿಯ ಮುಕ್ಕಾಲು ಭಾಗ ಮುಗಿಯಿತು. ‘ಬಿದಿರು ಅಭಿವೃದ್ಧಿಗೆ 10 ಲಕ್ಷ ರೂ. ಅನುದಾನ ಕೋರಿ’ ಎಂದು ಬರೆದಿದ್ದರೆ ಯಾವ ತಜ್ಞರ ಸಮಿತಿಯೂ ಅದನ್ನು ಎರಡನೆಯ ಸಲ ಓದುತ್ತಿರಲಿಲ್ಲ.

ಪ್ರಶ್ನೆ ಎಲ್ಲಿಂದ ಬಂತೆಂಬುದನ್ನೂ ಓದುಗರು ಗಮನಿಸಬೇಕು. ಅದು ಪುಸ್ತಕದಿಂದ ಬರಲಿಲ್ಲ, ದಿನವೂ ಆ ವಸ್ತುವಿನೊಂದಿಗೆ ಬದುಕುವವರ ಬಾಯಿಂದ ಬಂತು. ನಮ್ಮ ಸಣ್ಣ ತಯಾರಕರ ಬಳಿ ಇರುವ ಆಸ್ತಿಯೂ ಇಂಥದ್ದೇ. ದೊಡ್ಡ ಪ್ರಯೋಗಾಲಯಗಳಿಗೆ ಉಪಕರಣವಿರುತ್ತದೆ, ನಮಗೆ ಪ್ರಶ್ನೆ ಇರುತ್ತದೆ.

ಒಂದು ಮಾದರಿ ಅರ್ಜಿ

ಜೋಯಿಡಾ ಭಾಗದ ಒಬ್ಬ ಮುರುಗಲು ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಗೆ. ಹಣ್ಣು ಕೈಗೆ ಬರುವ ಹೊತ್ತಿಗೇ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಸಿಪ್ಪೆಯನ್ನು ಬಿಸಿಲಿಗೆ ಹರಡಿದರೆ ಮಳೆಗೆ ಬೂಸಲು ಹಿಡಿಯುತ್ತದೆ. ಕಟ್ಟಿಗೆಯ ಒಲೆಯ ಮೇಲೆ ಒಣಗಿಸಿದರೆ ಹೊಗೆಯ ವಾಸನೆ ಹತ್ತಿ ಬಣ್ಣ ಕಪ್ಪಾಗುತ್ತದೆ, ಬೆಲೆ ಇಳಿಯುತ್ತದೆ. ಅದರ ಜಾತಿಯದೇ ಆದ ಉಪ್ಪಾಗೆಯ ಸಿಪ್ಪೆಯನ್ನು ನಮ್ಮ ಜಿಲ್ಲೆಯಲ್ಲಿ ಮಳೆಗಾಲದುದ್ದಕ್ಕೂ ಕಟ್ಟಿಗೆಯ ಬೆಂಕಿಯಲ್ಲಿಯೇ ಒಣಗಿಸುವ ರೂಢಿಯಿದೆ. ಅದಕ್ಕೆ ತಗಲುವ ಕಟ್ಟಿಗೆ ಕಾಡಿನದು, ಕಾಡಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶ. ಹೀಗಾಗಿ ಕಡಿಮೆ ಕಟ್ಟಿಗೆಯಲ್ಲಿ, ಹೊಗೆ ತಾಗದಂತೆ ಒಣಗಿಸುವ ಗೂಡು ಬೇಕು ಎಂಬುದು ನಿಜವಾದ ಬೇಡಿಕೆ.

ಈ ವ್ಯಾಪಾರಿ ‘ಮುರುಗಲು ಸಂಸ್ಕರಣಾ ಘಟಕ ಸ್ಥಾಪನೆ’ ಎಂಬ ತಲೆಬರಹದಲ್ಲಿ ಅರ್ಜಿ ಬರೆದರೆ ಅದು ಸಹಾಯಧನದ ಕಡತಕ್ಕೆ ಹೋಗಬೇಕಾದ ಕಾಗದ. ಸಂಶೋಧನಾ ಅರ್ಜಿಗೆ ಆತ ಮೊದಲು ಮಾಡಬೇಕಾದ ಕೆಲಸ ಅಳತೆ. ಈಗಿನ ಒಲೆಯಲ್ಲಿ 100 ಕಿಲೋ ಹಸಿ ಸಿಪ್ಪೆ ಒಣಗಲು ಎಷ್ಟು ಗಂಟೆ, ಎಷ್ಟು ಕಿಲೋ ಕಟ್ಟಿಗೆ, ಕೊನೆಗೆ ತೇವಾಂಶ ಶೇಕಡಾ ಎಷ್ಟು, ಬೂಸಲಿಗೆ ಹೋಗುವುದು ಎಷ್ಟು? ತಕ್ಕಡಿ, ಗಡಿಯಾರ, ನೋಟುಬುಕ್ಕು ಇದ್ದರೆ ಒಂದು ಹಂಗಾಮಿನಲ್ಲಿ ಇದು ಸಿದ್ಧವಾಗುತ್ತದೆ. ತೇವಾಂಶಕ್ಕೆ ಮಾತ್ರ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕು. ಈ ಅಂಕಿಗಳಿಲ್ಲದೆ ‘ನಮ್ಮ ಗೂಡು ಉತ್ತಮ’ ಎಂದರೆ, ಯಾವುದಕ್ಕಿಂತ ಉತ್ತಮ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ತಜ್ಞರು ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಯೂ ಸಾಮಾನ್ಯವಾಗಿ ಇದೇ.

ಎರಡನೆಯದಾಗಿ, ಈ ಮೊದಲು ಯಾರು ಏನು ಮಾಡಿದ್ದಾರೆ ಎಂಬುದನ್ನು ನೋಡಬೇಕು. ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡ ಕಟ್ಟಿಗೆ ಉಳಿಸುವ ಒಲೆಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ‘ಅಸ್ತ್ರ ಒಲೆ’ ರಾಜ್ಯದ ಹಳ್ಳಿಗಳಿಗೆ ಹೋದದ್ದು ಹಲವರಿಗೆ ನೆನಪಿರಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಮಹಾವಿದ್ಯಾಲಯ ಇವುಗಳಲ್ಲಿ ವಿಚಾರಿಸದೆ ‘ಇದು ಪ್ರಪಂಚದಲ್ಲಿಯೇ ಮೊದಲು’ ಎಂದು ಬರೆಯುವುದು ಅಪಾಯಕರ. ಪರಿಶೀಲಕರಲ್ಲಿ ಒಬ್ಬರು ಆ ಕೆಲಸ ಮಾಡಿದವರೇ ಆಗಿರುವ ಸಂಭವ ಉಂಟು. ಹಳೆಯ ಕೆಲಸವನ್ನು ಗೌರವದಿಂದ ಹೇಳಿ, ಅದು ನಮ್ಮ ಮಳೆಗೆ, ನಮ್ಮ ಹಣ್ಣಿಗೆ ಎಲ್ಲಿ ಸಾಲದಾಯಿತೆಂದು ತೋರಿಸಿದರೆ ಅರ್ಜಿಯ ತೂಕ ಹೆಚ್ಚುತ್ತದೆ.

ಮೂರನೆಯದು ಗುರಿ. ‘ಗುಣಮಟ್ಟ ಸುಧಾರಿಸುವುದು’ ಎಂಬುದು ಗುರಿಯಲ್ಲ, ಹಾರೈಕೆ. ‘ಹೊರಗಿನ ಗಾಳಿಯ ತೇವ ಅತಿ ಹೆಚ್ಚಿರುವ ಜೂನ್ ತಿಂಗಳಲ್ಲಿ, ಈಗ ತಗಲುವ ಕಟ್ಟಿಗೆಯ ಅರ್ಧದಲ್ಲಿ, ಸಿಪ್ಪೆಯನ್ನು ನಿಗದಿತ ತೇವಾಂಶಕ್ಕೆ ತರುವುದು, ಹೊಗೆಯ ವಾಸನೆ ಇಲ್ಲವೆಂದು ಪರೀಕ್ಷೆಯಿಂದ ದೃಢಪಡಿಸುವುದು’ ಎಂಬುದು ಗುರಿ. ತಲುಪಿದೆವೋ ಇಲ್ಲವೋ ಎಂದು ಮೂರನೆಯ ವ್ಯಕ್ತಿ ತೀರ್ಮಾನಿಸುವಂತಿರಬೇಕು.

ಇನ್ನು ವೆಚ್ಚದ ಪಟ್ಟಿ. ಇದು ಕೇವಲ ಮಾದರಿ, ದರಗಳು ಕಾಲ್ಪನಿಕ. ಗೂಡಿನ ತಯಾರಿಕೆಗೆ 3,20,000 ರೂ., ತಾಪಮಾನ ಮತ್ತು ತೇವಾಂಶ ಅಳೆಯುವ ಉಪಕರಣಗಳಿಗೆ 90,000, ಹಣ್ಣು ಕಟ್ಟಿಗೆ ಮುಂತಾದ ಬಳಕೆಯ ವಸ್ತುಗಳಿಗೆ 70,000, ಪ್ರಯೋಗಾಲಯದ ಪರೀಕ್ಷೆಗೆ 60,000, ಒಬ್ಬ ತಂತ್ರಜ್ಞನಿಗೆ ತಿಂಗಳಿಗೆ 18,000ರಂತೆ 12 ತಿಂಗಳಿಗೆ 2,16,000, ಪ್ರಯಾಣಕ್ಕೆ 24,000, ಇತರೆ 20,000. ಒಟ್ಟು 8,00,000 ರೂ. ಈ ಪಟ್ಟಿಯಲ್ಲಿ ನಿವೇಶನ, ಕಟ್ಟಡ, ಹಳೆಯ ಸಾಲ, ಬಡ್ಡಿ, ವ್ಯಾಪಾರದ ದುಡಿಯುವ ಬಂಡವಾಳ ಇಲ್ಲ. ಇವುಗಳಲ್ಲಿ ಒಂದನ್ನು ಸೇರಿಸಿದರೂ ಸಾಮಾನ್ಯವಾಗಿ ಕತ್ತರಿ ಬೀಳುತ್ತದೆ, ಜೊತೆಗೆ ಅರ್ಜಿದಾರನ ಉದ್ದೇಶದ ಬಗ್ಗೆಯೂ ಸಂದೇಹ ಹುಟ್ಟುತ್ತದೆ. ಸಂಸ್ಥೆ ಶೇ. 90ರಷ್ಟು ಕೊಟ್ಟರೆ ಉದ್ಯಮಿಯ ಪಾಲು 80,000 ರೂ. ಕೊನೆಯ ಶೇ. 10ನ್ನು ಅಂತಿಮ ವರದಿಯ ನಂತರ ಕೊಡುವುದಾದರೆ ಇನ್ನೂ 72,000 ರೂ.ಗಳನ್ನು ಉದ್ಯಮಿಯೇ ತಾತ್ಕಾಲಿಕವಾಗಿ ಭರಿಸಬೇಕಾಗುತ್ತದೆ. ಅಂದರೆ 1,52,000 ರೂ. ಕೈಯಲ್ಲಿಲ್ಲದವರು ‘ಪೂರ್ತಿ ಸರ್ಕಾರದ ಹಣ’ ಎಂದು ನಂಬಿ ಇಳಿದರೆ ನಡುಹೊಳೆಯಲ್ಲಿ ನಿಲ್ಲುತ್ತಾರೆ.

ಯಾವ ಬಾಗಿಲು ತಟ್ಟಬೇಕು

ಸಾರ್ವಜನಿಕ ಸಂಶೋಧನಾ ಹಣ ಹಂತಹಂತವಾಗಿ ಬರುತ್ತದೆ. ಅಮೆರಿಕದಲ್ಲಿ 1982ರ ಕಾಯ್ದೆಯೊಂದು ಸಣ್ಣ ಉದ್ದಿಮೆಗಳಿಗೆ ಮೊದಲು ಅಲ್ಪ ಹಣ ಕೊಟ್ಟು ಸಾಧ್ಯಾಸಾಧ್ಯತೆ ಪರೀಕ್ಷಿಸಿ, ಗೆದ್ದವರಿಗೆ ಮಾತ್ರ ದೊಡ್ಡ ಮೊತ್ತ ಕೊಡುವ ಪದ್ಧತಿ ತಂದಿತು. ನಮ್ಮ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು 2005ರಲ್ಲಿ ಆರಂಭಿಸಿದ ಸಣ್ಣ ಉದ್ದಿಮೆಗಳ ಸಂಶೋಧನಾ ಯೋಜನೆಯಲ್ಲಿಯೂ ಇಂಥದೇ ಹಂತಗಳಿದ್ದವು. ಆದ್ದರಿಂದ ಅರ್ಜಿದಾರನು ಮೊದಲು ತಾನು ಯಾವ ಮೆಟ್ಟಿಲ ಮೇಲೆ ನಿಂತಿದ್ದೇನೆ ಎಂದು ತಿಳಿದುಕೊಳ್ಳಬೇಕು. ಕೈಯಲ್ಲಿರುವುದು ಬರೀ ಆಲೋಚನೆಯೇ, ಮೇಜಿನ ಮೇಲಿನ ಮಾದರಿಯೇ, ಕ್ಷೇತ್ರದಲ್ಲಿ ಓಡಿದ ಯಂತ್ರವೇ? ಇದನ್ನು ಒಂದರಿಂದ ಒಂಬತ್ತರವರೆಗಿನ ‘ತಂತ್ರಜ್ಞಾನ ಸಿದ್ಧತಾ ಹಂತ’ಗಳಿಂದ ಗುರುತಿಸುವ ರೂಢಿ ಈಗ ಎಲ್ಲೆಡೆ ಬಂದಿದೆ.

ಮೊದಲ ಮೆಟ್ಟಿಲಿನವರಿಗೆ ಹತ್ತಿರದ ದಾರಿ ಇಂಜಿನಿಯರಿಂಗ್ ಕಾಲೇಜು. ರಾಜ್ಯ ವಿಜ್ಞಾನ ಮಂಡಳಿಯು ಅಂತಿಮ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಎಪ್ಪತ್ತರ ದಶಕದಿಂದಲೂ ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಹಳಿಯಾಳದಲ್ಲಿಯೇ ಕೆ.ಎಲ್.ಎಸ್. ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯವಿದೆ. ನಮ್ಮ ಒಬ್ಬ ತಯಾರಕ ಅಲ್ಲಿ ಹೋಗಿ ತನ್ನ ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ, ಅದು ವಿದ್ಯಾರ್ಥಿಗಳಿಗೆ ಯೋಜನೆಯಾಗಬಹುದು, ಆತನಿಗೆ ಮೊದಲ ಅಳತೆಯ ಪಟ್ಟಿಯಾಗಬಹುದು. ಮೊತ್ತ ಚಿಕ್ಕದೆಂದು ಮೂಗು ಮುರಿಯಬಾರದು. ದೊಡ್ಡ ಅರ್ಜಿಗೆ ಬೇಕಾದ ಪ್ರಾಥಮಿಕ ದತ್ತಾಂಶ ಇಲ್ಲಿ ಹೆಚ್ಚು ಖರ್ಚಿಲ್ಲದೆ ಸಿಗುತ್ತದೆ.

ಮಾದರಿ ತಯಾರಿಸುವ ಹಂತಕ್ಕೆ ಬಂದವರಿಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆಯಡಿ ಗರಿಷ್ಠ 10 ಲಕ್ಷ ರೂ. ದೊರೆಯುವ ಅವಕಾಶವಿದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ‘ಪ್ರಿಸಂ’ ಯೋಜನೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ರೂಪಿಸಿದ್ದು. ಅದರ ಪೂರ್ವಜ 1998ರ ಸುಮಾರಿಗೆ ಹೊರಟ ‘ಟೆಪ್’. ಕೇಂದ್ರ ಎಂ.ಎಸ್.ಎಂ.ಇ. ಸಚಿವಾಲಯವು 2022ರ ಮಾರ್ಚ್‌ನಲ್ಲಿ ಆರಂಭಿಸಿದ ‘ಇನೊವೇಟಿವ್’ ಯೋಜನೆಯಲ್ಲಿ ಒಂದು ಆಲೋಚನೆಗೆ 15 ಲಕ್ಷ ರೂ.ವರೆಗೆ ನಿಗದಿಯಾಯಿತು. ಆದರೆ ಅರ್ಜಿ ಮಾನ್ಯತೆ ಪಡೆದ ಆತಿಥೇಯ ಸಂಸ್ಥೆಯೊಂದರ ಮೂಲಕ ಹೋಗಬೇಕು. ಕೃಷಿ ಉತ್ಪನ್ನಗಳಿಗೆ, ಅಂದರೆ ಮುಂಡಗೋಡದ ಮೆಕ್ಕೆಜೋಳವಾಗಲಿ ಜೋಯಿಡಾದ ಗೆಡ್ಡೆಗೆಣಸಾಗಲಿ, ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಕೃಷಿ ಉದ್ಯಮ ಪೋಷಣಾ ಕೇಂದ್ರಗಳು ಹೆಚ್ಚು ಸೂಕ್ತ. ಅಂತಹ ಒಂದು ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿಯೇ ನಡೆದುಬಂದಿದೆ. ಹಳಿಯಾಳದಿಂದ ಅದು ಸುಮಾರು ಒಂದು ಗಂಟೆಯ ದಾರಿ. ರಾಜ್ಯ ಸರ್ಕಾರವು 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಸ್ಪರ್ಧೆಯಲ್ಲಿ ನವೋದ್ಯಮಗಳಿಗೆ 50 ಲಕ್ಷ ರೂ.ವರೆಗೆ ಅನುದಾನ ಕೊಡಲಾಗಿದೆ.

ಜೈವಿಕ ತಂತ್ರಜ್ಞಾನ ಇಲಾಖೆಯ ಅಧೀನದ ‘ಬೈರಾಕ್’ ಸಂಸ್ಥೆ 2012ರಿಂದ ನಡೆಸುತ್ತಿರುವ ‘ಬಿಗ್’ ಅನುದಾನವೂ 50 ಲಕ್ಷ ರೂ.ವರೆಗಿನದು, ಅವಧಿ 18 ತಿಂಗಳು. ಇದಕ್ಕೆ ಸ್ಪರ್ಧೆ ಬಹಳ ಬಿರುಸು. ಮುರುಗಲು ಸಿಪ್ಪೆ ಒಣಗಿಸುವವರಿಗಿಂತ ಅದರ ಸತ್ವದಿಂದ ಹೊಸ ವಸ್ತು ತಯಾರಿಸುವವರಿಗೆ ಅದು ಹೊಂದುತ್ತದೆ. ಯೋಜನೆಗಳ ಮಿತಿ, ಕೊನೆಯ ದಿನಾಂಕ, ಅರ್ಹತೆ ಇವು ಆಗಾಗ ಬದಲಾಗುತ್ತವೆ. ಆದ್ದರಿಂದ ಅರ್ಜಿ ತುಂಬುವ ದಿನ ಆಯಾ ಸಂಸ್ಥೆಯ ಅಧಿಕೃತ ಮಾರ್ಗಸೂಚಿಯನ್ನೇ ಎದುರಿಗೆ ಇಟ್ಟುಕೊಳ್ಳಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದುವುದು ಅಗತ್ಯ. ಕೇಂದ್ರ ಸಚಿವ ಸಂಪುಟವು 2025ರ ಜುಲೈ 1ರಂದು ಒಂದು ಲಕ್ಷ ಕೋಟಿ ರೂ.ಗಳ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿಗೆ ಒಪ್ಪಿಗೆ ನೀಡಿದಾಗ ಪತ್ರಿಕೆಗಳ ತಲೆಬರಹ ನೋಡಿ ನಮ್ಮಲ್ಲಿಯೂ ಕೆಲವರು ಉತ್ಸಾಹಗೊಂಡರು. ಅದು ಅನುದಾನವಲ್ಲ. ದೀರ್ಘಾವಧಿಯ ಅಲ್ಪಬಡ್ಡಿಯ ಅಥವಾ ಬಡ್ಡಿರಹಿತ ಸಾಲ, ಇಲ್ಲವೇ ಷೇರು ಹೂಡಿಕೆ. ಅದೂ ನಾಲ್ಕನೆಯ ಸಿದ್ಧತಾ ಹಂತ ಮುಟ್ಟಿದ ಯೋಜನೆಗಳಿಗೆ, ನಿಧಿ ನಿರ್ವಾಹಕರ ಮೂಲಕ. 1996ರಲ್ಲಿ ಸ್ಥಾಪನೆಯಾದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಸಹ ಮುಖ್ಯವಾಗಿ ಕೊಡುವುದು ಶೇ. 5 ಸರಳ ಬಡ್ಡಿಯ ಸಾಲವನ್ನು, ಯೋಜನಾ ವೆಚ್ಚದ ಅರ್ಧದವರೆಗೆ. ಸಾಲ ಯಾವತ್ತೂ ಸಾಲವೇ. ಪ್ರಯೋಗ ಸೋತಿತೆಂದು ಅದು ಮನ್ನಾ ಆಗುವುದಿಲ್ಲ. ಎರಡನೆಯದು ತೆರಿಗೆಯ ಮಾತು. 1961ರ ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಕಲಮಿನಡಿ ಮಾನ್ಯತೆ ಪಡೆದ ಆಂತರಿಕ ಸಂಶೋಧನಾ ವಿಭಾಗದ ವೆಚ್ಚಕ್ಕೆ ಶೇ. 200 ಕಡಿತ ಸಿಗುತ್ತಿದ್ದುದನ್ನು ಹಿರಿಯ ಸದಸ್ಯರು ಈಗಲೂ ನೆನೆಯುತ್ತಾರೆ. ಅದು 2017ರ ಏಪ್ರಿಲ್‌ನಿಂದ ಶೇ. 150ಕ್ಕೂ 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ಹಳೆಯ ಲೆಕ್ಕ ಹಿಡಿದು ಹೂಡಿಕೆ ನಿರ್ಧರಿಸಬಾರದು.

ಬರೆಯುವವರು ಯಾರು

ಅರ್ಜಿಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಇದರಿಂದ ನಮ್ಮವರು ಸಲಹೆಗಾರರ ಮೊರೆ ಹೋಗುವುದು ಸಹಜ. ಆದರೆ ‘ಮಂಜೂರಾದರೆ ಶೇ. 10 ನಮಗೆ’ ಎನ್ನುವ ಮಧ್ಯವರ್ತಿಗಳಿಂದ ದೂರವಿರುವುದು ಲೇಸು. ಆ ಹಣವನ್ನು ಅನುದಾನದ ಯಾವ ಶೀರ್ಷಿಕೆಯಲ್ಲಿಯೂ ತೋರಿಸಲಾಗದು. ಕೊಟ್ಟವನು ಮುಂದೆ ಬೇರೆ ಶೀರ್ಷಿಕೆಯ ರಸೀದಿ ಹುಡುಕಬೇಕಾಗುತ್ತದೆ, ಅಲ್ಲಿಂದ ದಾರಿ ತಪ್ಪುತ್ತದೆ. ಬೇರೊಬ್ಬರ ಅರ್ಜಿಯ ಪ್ಯಾರಾಗಳನ್ನು ಎತ್ತಿ ಅಂಟಿಸುವ ಅಭ್ಯಾಸವೂ ಈ ವರ್ಗದಲ್ಲಿದೆ. ನಕಲು ಪತ್ತೆ ಮಾಡುವ ತಂತ್ರಾಂಶ ಈಗ ಸುಲಭವಾಗಿ ಲಭ್ಯ. ಉದ್ಯಮಿಯು ಮೊದಲು ಕನ್ನಡದಲ್ಲಿಯೇ, ತಾನು ಗಿರಾಕಿಗೆ ಹೇಳುವಷ್ಟು ಸರಳವಾಗಿ, ಮೂರು ಪುಟ ಬರೆಯಲಿ. ಅನಂತರ ಕಾಲೇಜಿನ ಅಧ್ಯಾಪಕರೊಬ್ಬರನ್ನು ಜೊತೆಗಾರರನ್ನಾಗಿ ಸೇರಿಸಿಕೊಂಡು ಅದನ್ನು ಇಂಗ್ಲಿಷಿಗೆ ತರಲಿ. ಸಂದರ್ಶನದಲ್ಲಿ ಉತ್ತರಿಸಬೇಕಾದವನು ಉದ್ಯಮಿಯೇ ಹೊರತು ಸಲಹೆಗಾರನಲ್ಲ.

ಅಧ್ಯಾಪಕರನ್ನು ಸೇರಿಸಿಕೊಳ್ಳುವಾಗ ಫಲಿತಾಂಶದ ಒಡೆತನ ಯಾರದೆಂದು ಮೊದಲೇ ಬರೆದಿಡಬೇಕು. ಸ್ನೇಹದಲ್ಲಿ ಆರಂಭವಾದ ಕೆಲಸ ಪೇಟೆಂಟಿನ ಮಾತು ಬಂದಾಗ ಮನಸ್ತಾಪದಲ್ಲಿ ಮುಗಿಯುವುದುಂಟು. ಪೇಟೆಂಟಿಗೆ ಹೊಸತನವೇ ಜೀವ. ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಮಾಡುವ ಮೊದಲೇ ಗೂಡನ್ನು ಧಾರವಾಡದ ಕೃಷಿ ಮೇಳದಲ್ಲಿ ಇಟ್ಟು ನಾಲ್ಕು ಜನರಿಗೆ ಒಳಗಿನ ರಚನೆ ವಿವರಿಸಿದರೆ, ಆ ಪ್ರದರ್ಶನವೇ ಪೇಟೆಂಟಿಗೆ ಅಡ್ಡಿಯಾಗಬಹುದು. ಪ್ರದರ್ಶನಗಳಿಗೆ ಕಾಯ್ದೆಯಲ್ಲಿರುವ ವಿನಾಯಿತಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಮೇಳಗಳಿಗೆ ಮಾತ್ರ. ರಾಜ್ಯ ವಿಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಈ ಕುರಿತು ವಿಚಾರಿಸಬಹುದು.

ಜೋಯಿಡಾ ಭಾಗದವರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು. ಮುರುಗಲು, ಉಪ್ಪಾಗೆ, ಕಾಡು ಗೆಡ್ಡೆಗಳು ಜೈವಿಕ ಸಂಪನ್ಮೂಲಗಳು. 2002ರ ಜೈವಿಕ ವೈವಿಧ್ಯ ಕಾಯ್ದೆ ಮತ್ತು ಅದಕ್ಕೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಇಂತಹ ಸಂಪನ್ಮೂಲ ಆಧರಿಸಿ ಪೇಟೆಂಟ್ ಪಡೆಯುವ ಭಾರತೀಯರು ಅದು ಮಂಜೂರಾಗುವ ಮೊದಲು ರಾಷ್ಟ್ರೀಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಹಣ್ಣು ಸ್ವಂತ ತೋಟದ್ದೋ, ರೈತರಿಂದ ಕೊಂಡದ್ದೋ, ಕಾಡಿನದೋ ಎಂಬುದಕ್ಕೆ ಚೀಟಿ ಇಟ್ಟುಕೊಳ್ಳುವುದು ಕ್ಷೇಮ. ಗೆಡ್ಡೆಗಳ ಬಗೆಗೆ ಕುಣಬಿ ಕುಟುಂಬಗಳಿಗೆ ತಲೆಮಾರುಗಳಿಂದ ಗೊತ್ತಿರುವುದನ್ನು ತನ್ನ ಶೋಧವೆಂದು ಬರೆಯುವುದಂತೂ ಕಾನೂನಿಗೂ ಸಲ್ಲದು. ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ.

ಹಣ ಬಂದ ಮೇಲೆ

ಮಂಜೂರಾತಿ ಪತ್ರ ಬಂದ ದಿನ ಸಿಹಿ ಹಂಚುವುದು ಸರಿ, ಆದರೆ ನಿಜವಾದ ನಿಯಮಗಳು ಅಂದಿನಿಂದ ಆರಂಭವಾಗುತ್ತವೆ. ಕೇಂದ್ರದ ಅನುದಾನಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅವುಗಳ ಮುಖ್ಯ ನಿರೀಕ್ಷೆಗಳು ಹೀಗಿವೆ. ಹಣವನ್ನು ಮಂಜೂರಾದ ಉದ್ದೇಶಕ್ಕೆ ಮಾತ್ರ ಬಳಸಬೇಕು. ಅದರ ಮೇಲೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿ ಅರ್ಜಿದಾರನದಲ್ಲ, ಸರ್ಕಾರದ ಸಂಚಿತ ನಿಧಿಗೆ ಮರಳಬೇಕು. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ನಿಗದಿತ ನಮೂನೆಯಲ್ಲಿ ವಿನಿಯೋಗ ಪ್ರಮಾಣಪತ್ರ ಸಲ್ಲಿಸಬೇಕು. ಬಹುತೇಕ ಸಂಸ್ಥೆಗಳು ಮುಂದಿನ ಕಂತಿಗೆ ಇದನ್ನು ಬಹಳ ಮೊದಲೇ ಕೇಳುತ್ತವೆ. ಅನುದಾನದಿಂದ ಕೊಂಡ ಉಪಕರಣಗಳ ವಹಿ ಇಡಬೇಕು, ಅನುಮತಿಯಿಲ್ಲದೆ ಮಾರುವಂತಿಲ್ಲ. ಲೆಕ್ಕಪತ್ರಗಳನ್ನು ಮಂಜೂರು ಮಾಡಿದ ಅಧಿಕಾರಿಯೂ ಮಹಾಲೇಖಪಾಲರ ತಂಡವೂ ಪರಿಶೀಲಿಸಬಹುದು.

ಈ ಲೇಖಕನು ಕಂಡ ಒಂದು ಪ್ರಕರಣ ಹೇಳುವಂಥದ್ದು. ಈ ಭಾಗದ ಒಬ್ಬ ಪ್ರಾಮಾಣಿಕ ಫ್ಯಾಬ್ರಿಕೇಟರ್ ಅನುದಾನದ ಮೊದಲ ಕಂತನ್ನು ತನ್ನ ಅಂಗಡಿಯ ಚಾಲ್ತಿ ಖಾತೆಗೇ ಹಾಕಿಸಿಕೊಂಡಿದ್ದರು. ಯಂತ್ರ ತಯಾರಾಯಿತು, ಚೆನ್ನಾಗಿ ಓಡಿತು. ಆದರೆ ನಡುವೆ ಎರಡು ತಿಂಗಳು ಕಬ್ಬಿಣದ ವ್ಯಾಪಾರಿಗೆ ಕೊಡಬೇಕಾದ ಬಾಕಿ ಅದೇ ಖಾತೆಯಿಂದ ಹೋಗಿತ್ತು, ಮೋಟಾರನ್ನು ಪರಿಚಯದವರಿಂದ ನಗದು ಕೊಟ್ಟು ತಂದಿದ್ದರು. ಒಂದು ಪೈಸೆಯೂ ದುರುಪಯೋಗವಾಗಿರಲಿಲ್ಲ ಎಂಬುದು ನನಗೆ ಗೊತ್ತು. ಕಾಗದಕ್ಕೆ ಅದು ಗೊತ್ತಾಗಲಿಲ್ಲ. ಕೊನೆಯ ಕಂತು ಬರಲೇ ಇಲ್ಲ. ಪ್ರತ್ಯೇಕ ಖಾತೆ, ಬ್ಯಾಂಕಿನ ಮೂಲಕವೇ ಪಾವತಿ, ಖರೀದಿಗೆ ಮೊದಲು ದರಪಟ್ಟಿ, ತಂತ್ರಜ್ಞನ ಹಾಜರಿ ಪುಸ್ತಕ ಇವಿಷ್ಟಿದ್ದರೆ ಆ ತೊಂದರೆ ಇರುತ್ತಿರಲಿಲ್ಲ.

ಉಪಕರಣದ ಬಿಲ್ಲಿನ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದವರು ಅದನ್ನೇ ಅನುದಾನದ ಖರ್ಚಿನಲ್ಲಿಯೂ ತೋರಿಸಬಾರದು. 2015ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ ಸರ್ಕಾರಿ ಅನುದಾನಗಳು ಆದಾಯದ ವ್ಯಾಖ್ಯೆಯೊಳಗೆ ಬಂದಿವೆ. ಆಸ್ತಿಯ ವೆಚ್ಚದಲ್ಲಿ ಕಳೆಯುವ ಅನುದಾನದ ಲೆಕ್ಕ ಬೇರೆ. ಈ ಎರಡನ್ನೂ ತಮ್ಮ ಲೆಕ್ಕಪರಿಶೋಧಕರೊಂದಿಗೆ ಹಣ ಬರುವ ಮುನ್ನವೇ ಮಾತನಾಡಿಕೊಳ್ಳಬೇಕು. ಒಂದೇ ಕೆಲಸಕ್ಕೆ ಎರಡು ಸಂಸ್ಥೆಗಳಿಂದ ಹಣ ಪಡೆಯುವುದು ಸಲ್ಲದು; ಬೇರೆ ಕಡೆ ಅರ್ಜಿ ಹಾಕಿದ್ದರೆ ಅದನ್ನು ಮುಚ್ಚಿಡದೆ ನಮೂದಿಸಬೇಕು.

ಪ್ರಯೋಗ ಸೋತರೆ ಏನು ಎಂಬುದು ಸದಸ್ಯರು ಪದೇಪದೇ ಕೇಳುವ ಪ್ರಶ್ನೆ. ಒಪ್ಪಿದ ವಿಧಾನದಲ್ಲಿ ಕೆಲಸ ಮಾಡಿ, ಲೆಕ್ಕ ಸರಿಯಾಗಿಟ್ಟು, ಫಲಿತಾಂಶ ವಿರುದ್ಧವಾಗಿ ಬಂತೆಂದು ಅಂಕಿಗಳೊಂದಿಗೆ ಬರೆದರೆ ಸಾಮಾನ್ಯವಾಗಿ ಅದನ್ನು ಅಪರಾಧವೆಂದು ನೋಡುವುದಿಲ್ಲ. ಅಂಕಿಗಳನ್ನು ತಿರುಚಿ ಗೆಲುವು ತೋರಿಸಿದರೆ ಮಾತ್ರ ಮುಂದೆ ಯಾವ ಬಾಗಿಲೂ ತೆರೆಯದು. ಗೂಡು ಕಟ್ಟಿಗೆಯನ್ನು ಅರ್ಧಕ್ಕೆ ಇಳಿಸದೆ ಮುಕ್ಕಾಲಿಗೆ ಇಳಿಸಿದರೆ, ಹಾಗೆಂದೇ ಬರೆಯಬೇಕು. ಯೋಜನೆಯ ನಡುವೆ ವಿಧಾನ ಬದಲಿಸಬೇಕಾದರೆ, ಒಂದು ಶೀರ್ಷಿಕೆಯ ಹಣ ಇನ್ನೊಂದಕ್ಕೆ ಬೇಕಾದರೆ, ಮೊದಲು ಪತ್ರ, ಆಮೇಲೆ ಖರ್ಚು.

ಹಂಗಾಮಿನ ಲೆಕ್ಕ

ಕೊನೆಯದಾಗಿ ಕಾಲದ ವಿಚಾರ. ನಮ್ಮ ಭಾಗದ ಕಚ್ಚಾವಸ್ತು ಋತುವಿಗೆ ಕಟ್ಟುಬಿದ್ದದ್ದು, ಅನುದಾನ ಆರ್ಥಿಕ ವರ್ಷಕ್ಕೆ ಕಟ್ಟುಬಿದ್ದದ್ದು. ಎರಡೂ ತಾವಾಗಿ ಹೊಂದುವುದಿಲ್ಲ. ‘ಬಿಗ್’ ಅರ್ಜಿಗಳ ಕರೆ ವಾಡಿಕೆಯಂತೆ ಜನವರಿ 1 ಮತ್ತು ಜುಲೈ 1ರಂದು ಹೊರಡುತ್ತದೆ. ಪರಿಶೀಲನೆ, ಸಂದರ್ಶನ, ಒಪ್ಪಂದ ಮುಗಿದು ಮೊದಲ ಕಂತು ಕೈಗೆ ಬರಲು ಹಲವು ತಿಂಗಳು ಹಿಡಿಯುತ್ತದೆ. ಜನವರಿಯಲ್ಲಿ ಅರ್ಜಿ ಹಾಕಿ ಅದೇ ಮೇ ತಿಂಗಳ ಮುರುಗಲಿಗೆ ಪ್ರಯೋಗ ಮಾಡುತ್ತೇನೆಂದು ಬರೆದವನ ಹಂಗಾಮು ಕಾಗದದಲ್ಲಿಯೇ ಕಳೆದುಹೋಗುತ್ತದೆ. ಹನ್ನೆರಡು ತಿಂಗಳ ಯೋಜನೆ ಆಗಸ್ಟಿನಲ್ಲಿ ಆರಂಭವಾದರೆ ಅದರೊಳಗೆ ಬರುವ ಹಣ್ಣಿನ ಕಾಲ ಒಂದೇ. ಆ ವರ್ಷ ಫಸಲು ಕೈಕೊಟ್ಟರೆ ಬದಲಿ ದಾರಿಯಿಲ್ಲ. ಹೀಗಾಗಿ ಋತುಮಾನದ ವಸ್ತುವಿಗೆ ಹದಿನೆಂಟು ತಿಂಗಳ ಅವಧಿ ಕೇಳಿ, ಗೂಡಿನ ತಯಾರಿಕೆಯನ್ನು ಮಳೆ ಮುಗಿದ ತಿಂಗಳುಗಳಿಗೆ, ಮೊದಲ ಓಟವನ್ನು ಸಿಗುವ ಬೇರೆ ಹಣ್ಣಿನ ಮೇಲೆ, ನಿಜವಾದ ಪರೀಕ್ಷೆಯನ್ನು ಏಪ್ರಿಲ್‌ನಿಂದ ಜೂನ್‌ವರೆಗೆ ಇಡುವುದು ಜಾಣತನ. ಈಗಿನ ಒಲೆಯ ಅಳತೆಯನ್ನು ಮಾತ್ರ ಅನುದಾನಕ್ಕೆ ಕಾಯದೆ ಬರುವ ಹಂಗಾಮಿನಲ್ಲಿಯೇ ತೆಗೆದುಕೊಳ್ಳಬಹುದು. ಅದಕ್ಕೆ ಒಂದು ತಕ್ಕಡಿ, ಒಂದು ವಹಿ ಮತ್ತು ಒಲೆಯ ಪಕ್ಕದಲ್ಲಿ ರಾತ್ರಿ ಕೂರುವ ಒಬ್ಬ ನಂಬಿಕಸ್ಥ ಆಳು ಸಾಕು.